ಕ್ಲೈಡ್ ನದಿಯ ಶೀತವೂ ಕಲ್ಲಿನ ಮನೆಗಳೂ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಶೀತದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಷಾಢ ಶ್ರಾವಣಗಳಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವುದು, ಭರಣಿಯ ಉಪ್ಪು ನೀರಾಗುವುದು, ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗುಲು ವಾಸನೆ ಹೊಡೆಯುವುದು ನಮಗೆ ನಿತ್ಯದ ಸಂಗತಿಗಳು. ಆದುದರಿಂದ, ನಮ್ಮ ನೆರೆಮನೆಯ ಅಕ್ಕ ಕಳೆದ ಚಳಿಗಾಲದಲ್ಲಿ ತಮ್ಮ ಮಲಗುವ ಕೋಣೆಯ ಗೋಡೆಯ ಚಿತ್ರವೊಂದನ್ನು ಕಳುಹಿಸಿದಾಗ ನಮ್ಮ ಮನೆಯವರಾರಿಗೂ ಅದೇನೆಂದು ವಿವರಿಸುವ ಅಗತ್ಯ ಬೀಳಲಿಲ್ಲ. ಅಕ್ಕ ನರ್ಸಿಂಗ್ ಓದಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ಚಿತ್ರದಲ್ಲಿ ಮಗುವಿನ ಮಂಚದ ಹಿಂದೆ, ಮೂಲೆಯಿಂದ ಆರಂಭವಾಗಿ ಮೊಳದುದ್ದ ಮೇಲಕ್ಕೆ, ಕಾಡಿಗೆ ಚೆಲ್ಲಿದಂತೆ ಕಪ್ಪು ಬೂಷ್ಟು ಹಬ್ಬಿತ್ತು. ಮಗುವಿಗೆ ಅಕ್ಟೋಬರಿನಿಂದಲೂ ಕೆಮ್ಮು. ಬಾಡಿಗೆಯ ಮನೆಯ ಯಜಮಾನರು, “ನೀವು ಕಿಟಕಿ ತೆರೆಯುವುದಿಲ್ಲ, ಬಟ್ಟೆಯನ್ನು ಒಳಗೇ ಒಣಗಿಸುತ್ತೀರಿ, ಅದರಿಂದಲೇ ಹೀಗೆ” ಎಂದು ಹೇಳಿ ಸುಮ್ಮನಾದರಂತೆ.

ನನ್ನ ತಾಯಿ ಚಿತ್ರವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಒಲೆ ಉರಿಸೋದಿಲ್ವಾ?” ಎಂದು. ನನ್ನ ತಂದೆ ಗಾರೆ ಕೆಲಸದವರು. ಅವರು ಒಳಗಿನ ಗೋಡೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. “ಹೊರಗಡೆಯಿಂದ ಒಂದು ಫೋಟೋ ತೆಗೆದು ಕಳಿಸೋಕೆ ಹೇಳು ಮಗಾ, ಸೂರಿನವರೆಗೂ ಕಾಣೋ ಹಾಗೆ” ಎಂದರು. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವಳು. ಆದರೂ ಈ ಎರಡು ಮಾತುಗಳ ಬೆನ್ನು ಹಿಡಿದು ಹೋದಾಗ ಆ ಊರಿನ ಹಳೆಯ ಮನೆಗಳನ್ನು ಬೆಚ್ಚಗಿಡುವ ವಿಚಾರವು ಎಷ್ಟು ಸ್ವಾರಸ್ಯವಾದುದೂ ಎಷ್ಟು ತೊಡಕಿನದೂ ಆಗಿದೆಯೆಂಬುದು ತಿಳಿಯಿತು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಗ್ಲಾಸ್ಗೋ ನಗರವು ಕ್ಲೈಡ್ ನದಿಯ ಎರಡು ದಡಗಳಲ್ಲಿಯೂ ಹರಡಿಕೊಂಡಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 1100 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆಗುಂಬೆಯವರು ಇದನ್ನು ಕೇಳಿದರೆ ನಗುವರು. ಆದರೆ ನಮ್ಮ ಮಳೆ ನಾಲ್ಕು ತಿಂಗಳು ಸುರಿದು, ಮುಂದೆ ಎಂಟು ತಿಂಗಳು ಬಿಸಿಲಿಗೆ ಎಡೆಗೊಡುತ್ತದೆ. ಅಲ್ಲಿಯದು ಹನ್ನೆರಡು ತಿಂಗಳೂ ಜಿನುಗುವ ಮಳೆ. ಜನವರಿಯ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 7 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಡಿಸೆಂಬರಿನಲ್ಲಿ ಸೂರ್ಯನು ಮುಂಜಾನೆ ಎಂಟೂಮುಕ್ಕಾಲಿಗೆ ಹುಟ್ಟಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುಳುಗುವನು. ನೆನೆದ ಗೋಡೆ ಒಣಗಬೇಕಾದರೆ ಬಿಸಿಲು ಬೇಕು, ಇಲ್ಲವೆ ಒಣಗಾಳಿ ಬೇಕು. ಅಲ್ಲಿಯ ಚಳಿಗಾಲದಲ್ಲಿ ಎರಡೂ ದುರ್ಲಭ.

ಈ ಊರಿನ ಹಳೆಯ ವಸತಿಗಳಿಗೆ ‘ಟೆನೆಮೆಂಟ್’ ಎಂದು ಹೆಸರು. ಮೂರು ನಾಲ್ಕು ಅಂತಸ್ತಿನ ಕಲ್ಲಿನ ಕಟ್ಟಡ. ನಡುವೆ ಎಲ್ಲರಿಗೂ ಸೇರಿದ ಒಂದೇ ಮೆಟ್ಟಿಲ ಸಾಲು. ಪ್ರತಿ ಅಂತಸ್ತಿನಲ್ಲಿಯೂ ಎರಡು ಮೂರು ಮನೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಕಟ್ಟುವ, ರೈಲು ಎಂಜಿನ್ ತಯಾರಿಸುವ ಕೆಲಸಗಳಿಗೆ ಜನ ಬಂದು ತುಂಬಿದಾಗ ಇವು ಬೀದಿಬೀದಿಗಳಾಗಿ ಎದ್ದವು. ಮೊದಮೊದಲು ಊರ ಹತ್ತಿರದ ಗಣಿಗಳಿಂದ ತೆಗೆದ ತಿಳಿಹಳದಿಯ ಮರಳುಗಲ್ಲು. ಆ ಶತಮಾನದ ಕೊನೆಯ ಹೊತ್ತಿಗೆ ಡಂಫ್ರೀಸ್ ಮತ್ತು ಏರ್‌ಶೈರ್ ಕಡೆಗಳಿಂದ ರೈಲಿನಲ್ಲಿ ಬಂದ ಕೆಂಪು ಮರಳುಗಲ್ಲು. 1919ಕ್ಕಿಂತ ಹಿಂದೆ ಕಟ್ಟಿದ ಇಂತಹ ಮನೆಗಳು ಇಂದಿಗೂ 70 ಸಾವಿರಕ್ಕೂ ಹೆಚ್ಚು ಉಳಿದಿವೆ. ಅಂದರೆ ಇದು ಯಾವುದೋ ಸ್ಮಾರಕವನ್ನು ಕಾಪಾಡುವ ಪ್ರಶ್ನೆಯಲ್ಲ. ಒಂದು ಊರಿನ ಜನ ದಿನವೂ ಮಲಗೇಳುವ ಮನೆಗಳ ಪ್ರಶ್ನೆ.

ಗೋಡೆಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಹೊರಗೋಡೆಯ ದಪ್ಪ ಸುಮಾರು ಎರಡು ಅಡಿ. ಹೊರಮುಖಕ್ಕೆ ಕೆತ್ತಿದ ಕಲ್ಲು, ಒಳಮುಖಕ್ಕೆ ಒರಟು ಕಲ್ಲು, ನಡುವೆ ಚೂರುಕಲ್ಲು. ಎಲ್ಲಕ್ಕೂ ಸುಣ್ಣದ ಗಾರೆ. ಒಳಗಡೆ ಕಲ್ಲಿನ ಮೇಲೆಯೇ ಗಿಲಾವು ಮಾಡುತ್ತಿರಲಿಲ್ಲ. ಕಲ್ಲಿನಿಂದ ಅಂಗುಲದಷ್ಟು ದೂರ ಬಿಟ್ಟು ತೆಳುವಾದ ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದು, ಆ ಪಟ್ಟಿಗಳ ಮೇಲೆ ಸುಣ್ಣದ ಗಿಲಾವು ಹಚ್ಚುತ್ತಿದ್ದರು. ಹೀಗೆ ಗಿಲಾವಿಗೂ ಕಲ್ಲಿಗೂ ನಡುವೆ ಗಾಳಿಯ ಒಂದು ಸಂದು ಉಳಿಯುತ್ತಿತ್ತು. ಮಳೆ ಕಲ್ಲಿನೊಳಕ್ಕೆ ಎರಡು ಮೂರು ಅಂಗುಲ ಇಳಿದರೂ ಒಳಗಿನ ಗಿಲಾವನ್ನು ಮುಟ್ಟುತ್ತಿರಲಿಲ್ಲ. ಮಳೆ ನಿಂತಾಗ ನೀರು ಸುಣ್ಣದ ಸಂದುಗಳ ಮೂಲಕ ಆವಿಯಾಗಿ ಹೊರಗೆ ಹೋಗುತ್ತಿತ್ತು. ನನ್ನ ತಂದೆಗೆ ಇದನ್ನು ಓದಿ ಹೇಳಿದಾಗ, “ಸುಣ್ಣ ನೀರು ಕುಡೀತದೆ, ಕುಡಿದದ್ದನ್ನ ಬಿಡ್ತದೆ. ಸಿಮೆಂಟು ಕುಡಿಯೋದು ಕಡಿಮೆ, ಆದ್ರೆ ಒಳಗೆ ಹೋದದ್ದನ್ನ ಬಿಡೋದೇ ಇಲ್ಲ” ಎಂದರು. ಅವರ ತಂದೆ ಸುಣ್ಣ ಅರೆದು ಕೆಲಸ ಮಾಡಿದವರು. ಇವರು ಸಿಮೆಂಟಿನ ಕಾಲದವರು.

ಇನ್ನು ತಾಯಿಯ ಪ್ರಶ್ನೆ. ಅಲ್ಲಿ ಒಲೆ ಉರಿಯುತ್ತಿತ್ತು. ಪ್ರತಿಯೊಂದು ಮನೆಯಲ್ಲಿಯೂ ಕಲ್ಲಿದ್ದಲಿನ ಒಲೆ, ಅದರ ಮೇಲೆ ಕಟ್ಟಡದ ತುದಿಯವರೆಗೆ ಹೊಗೆಗೂಡು. ಉರಿಯುವ ಒಲೆಯು ಕೋಣೆಯ ಗಾಳಿಯನ್ನು ಹೊಗೆಗೂಡಿನ ಮೂಲಕ ಮೇಲಕ್ಕೆ ಎಳೆಯುವುದು. ಕಿಟಕಿ ಬಾಗಿಲುಗಳ ಸಂದಿನಿಂದ ಹೊರಗಾಳಿ ಒಳಕ್ಕೆ ಬರುವುದು. ಬೆನ್ನಿಗೆ ಚಳಿ, ಎದೆಗೆ ಬಿಸಿ. ಆದರೆ ಮನೆ ಒಣಗಿಯೇ ಇರುತ್ತಿತ್ತು. ಗಾರ್ನೆಟ್‌ಹಿಲ್ ಎಂಬ ಭಾಗದಲ್ಲಿ, 1911ರಿಂದ 1965ರವರೆಗೆ ಆಗ್ನೆಸ್ ಟೋವರ್ಡ್ ಎಂಬ ಬೆರಳಚ್ಚುಗಾರ್ತಿ ವಾಸಿಸುತ್ತಿದ್ದ ಒಂದು ಟೆನೆಮೆಂಟ್ ಮನೆಯನ್ನು ಇದ್ದ ಹಾಗೆಯೇ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಅಡಿಗೆಮನೆಯ ಕಬ್ಬಿಣದ ಒಲೆ, ಗೋಡೆಯೊಳಗಿನ ಗೂಡಿನಂತಹ ಹಾಸಿಗೆಯ ಜಾಗ, ಎಲ್ಲವೂ ಹಾಗೆಯೇ ಇವೆಯಂತೆ. ಅಕ್ಕ ಅದನ್ನು ನೋಡಿಬಂದು, “ನಮ್ಮಜ್ಜಿ ಮನೆಯ ಹಾಗೆ ಒಲೆಯ ಸುತ್ತಲೇ ಸಂಸಾರ” ಎಂದು ಬರೆದಿದ್ದರು.

ಕಲ್ಲಿದ್ದಲಿನ ಹೊಗೆಯಿಂದ ಜನ ಸಾಯತೊಡಗಿದ ಮೇಲೆ ಬ್ರಿಟನ್ನಿನಲ್ಲಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದಿತು. ಅದು ಆಗಬೇಕಾದದ್ದೇ. ಬರಬರುತ್ತ ಒಲೆಗಳು ಆರಿದವು, ಹೊಗೆಗೂಡುಗಳನ್ನು ಮುಚ್ಚಿದರು, ಅನಿಲದಿಂದ ಕಾಯಿಸಿದ ನೀರು ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗೆ ಮಾಡುವ ಏರ್ಪಾಡು ಬಂದಿತು. ಸಂದಿನಿಂದ ಗಾಳಿ ನುಗ್ಗುತ್ತದೆಂದು ಕಿಟಕಿಗಳನ್ನು ಬಿಗಿಮಾಡಿದರು. ಸವೆದ ಸುಣ್ಣದ ಸಂದುಗಳಿಗೆ ಸಿಮೆಂಟು ಮೆತ್ತಿದರು. ಒಂದೊಂದು ಕೆಲಸವೂ ಬೇರೆಬೇರೆಯಾಗಿ ನೋಡಿದರೆ ಯುಕ್ತವಾಗಿಯೇ ಕಾಣುವುದು. ಎಲ್ಲವೂ ಕೂಡಿದಾಗ ಮಾತ್ರ, ನೀರಾವಿ ಹೊರಹೋಗುವ ಹಳೆಯ ದಾರಿಗಳೆಲ್ಲ ಮುಚ್ಚಿಹೋದುವು.

ನೀರಾವಿ ಎಂದೆನಷ್ಟೆ, ಅದು ಎಲ್ಲಿಂದ ಬರುವುದು? ನಮ್ಮ ಉಸಿರಿನಿಂದ, ಅಡಿಗೆಯಿಂದ, ಸ್ನಾನದಿಂದ, ಒಣಹಾಕಿದ ಬಟ್ಟೆಯಿಂದ. 20 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 10 ಡಿಗ್ರಿಯ ಗಾಳಿಗೆ ಆ ಶಕ್ತಿ ಸುಮಾರು 9 ಗ್ರಾಮಿಗೆ ಇಳಿಯುವುದು. ಕೋಣೆಯ ಗಾಳಿಯಲ್ಲಿ ಹತ್ತು ಗ್ರಾಂ ನೀರಾವಿ ಇದೆಯೆಂದುಕೊಳ್ಳಿ. ಕೋಣೆಯ ನಡುವೆ ಅದು ಯಾರ ಕಣ್ಣಿಗೂ ಬೀಳದು. ಅದೇ ಗಾಳಿಯು ಮಂಚದ ಹಿಂದಿನ, ಹನ್ನೊಂದು ಡಿಗ್ರಿಗೆ ತಣ್ಣಗಾದ ಗೋಡೆಯ ಮೂಲೆಯನ್ನು ಮುಟ್ಟಿದಾಗ ಹೆಚ್ಚಿನ ನೀರನ್ನು ಹಿಡಿದಿಡಲಾರದೆ ಕೈಬಿಡುವ ಹಂತಕ್ಕೆ ಬರುವುದು. ತಣ್ಣೀರಿನ ಚೊಂಬಿನ ಹೊರಮೈ ಬೆವರುವುದು ಇದರಿಂದಲೇ. ಬೂಷ್ಟಿಗೆ ನೀರು ಹನಿಯಾಗಿ ಇಳಿಯಲೇಬೇಕೆಂದಿಲ್ಲ. ಗೋಡೆಯ ಮೈಬಳಿಯ ಆರ್ದ್ರತೆ ನೂರಕ್ಕೆ ಎಂಬತ್ತರಷ್ಟು ಹಲವು ದಿನ ನಿಂತರೆ ಸಾಕು. ಹೀಗೆ ನೋಡಿದರೆ ಯಜಮಾನರ ಮಾತು ಪೂರ್ತಿ ಸುಳ್ಳಲ್ಲ. ಬಟ್ಟೆಯ ನೀರೂ ಗೋಡೆಗೇ ಹೋಗುವುದು ನಿಜ. ಆದರೆ ಡಿಸೆಂಬರಿನ ಮಳೆಯಲ್ಲಿ, ಮೂರನೆಯ ಅಂತಸ್ತಿನಲ್ಲಿ, ಮಗುವಿನ ಬಟ್ಟೆಯನ್ನು ಮತ್ತೆಲ್ಲಿ ಒಣಗಿಸಬೇಕು? ಗೋಡೆ ಅಷ್ಟು ತಣ್ಣಗಿರುವುದೇಕೆಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ.

ಇಂತಹ ವಾದ ಆ ಊರಿಗೆ ಹೊಸದಲ್ಲ. 1950ರ ದಶಕದ ಕೊನೆಯಿಂದ ಗ್ಲಾಸ್ಗೋದಲ್ಲಿ ಹಳೆಯ ಟೆನೆಮೆಂಟ್‌ಗಳನ್ನು ಸಾಲುಸಾಲಾಗಿ ಕೆಡವಿ ಹೊಸ ಕಟ್ಟಡಗಳನ್ನು ಎಬ್ಬಿಸಿದರು. ನದಿಯ ದಕ್ಷಿಣಕ್ಕಿರುವ ಗಾರ್ಬಲ್ಸ್ ಎಂಬ ಕೇರಿಯಲ್ಲಿ, ಹಚಿಸನ್‌ಟೌನ್ ‘ಇ’ ಎಂಬ ಯೋಜನೆಯಲ್ಲಿ, ಎರಕ ಹೊಯ್ದ ಕಾಂಕ್ರೀಟು ಹಲಗೆಗಳನ್ನು ಜೋಡಿಸಿ ಮನೆಗಳನ್ನು ಕಟ್ಟಿದರು. ಹೊಸ ಮನೆಗಳು ಬಹುಬೇಗ ಬೂಷ್ಟಿಗೆ ಈಡಾದವು. ಬಾಡಿಗೆದಾರರ ಜೀವನಕ್ರಮದಿಂದಲೇ ಹೀಗಾಗುತ್ತದೆಂದು ಅಧಿಕಾರಿಗಳು ಹೇಳಿದರು. ಕಟ್ಟಡವೇ ಸರಿಯಿಲ್ಲವೆಂದು ಬಾಡಿಗೆದಾರರು ಹೇಳಿದರು. 1970ರ ದಶಕದಲ್ಲಿ ಅವರು ಒಗ್ಗೂಡಿ ಶೀತದ ವಿರುದ್ಧವೇ ಒಂದು ಚಳವಳಿ ಹೂಡಿದರು. ಆ ಮನೆಗಳಿಗೆ ‘ಡ್ಯಾಂಪೀಸ್’, ಅಂದರೆ ಒದ್ದೆಮನೆಗಳು, ಎಂದೇ ಅಡ್ಡಹೆಸರು ಬಿತ್ತು. ಎರಡು ದಶಕವೂ ತುಂಬದ ಅವನ್ನು 1987ರಲ್ಲಿ ಕೆಡವಬೇಕಾಯಿತು. ಅಲ್ಪಸ್ವಲ್ಪ ದೂರದಲ್ಲಿಯೇ ನೂರು ವರ್ಷ ದಾಟಿದ ಕಲ್ಲಿನ ಮನೆಗಳು ನಿಂತಿದ್ದುವು.

ಈಗ ಶಾಖದ ಲೆಕ್ಕ. ಶಾಖರೋಧಕವೆಂದರೆ ಶಾಖವನ್ನು ಹುಟ್ಟಿಸುವ ವಸ್ತುವಲ್ಲ. ಕಂಬಳಿಯಲ್ಲಿ ಬಿಸಿಯಿಲ್ಲ, ಮೈಯ ಬಿಸಿಯನ್ನು ಹೋಗಗೊಡದಿರುವುದಷ್ಟೇ ಅದರ ಕೆಲಸ. ನಮ್ಮ ಕಡೆ ಮಂಜುಗೆಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುಗಿದಿಡುವುದೂ ಇದೇ ತತ್ತ್ವದ ಮೇಲೆ, ದಿಕ್ಕು ಮಾತ್ರ ತಿರುಗುಮುರುಗು. ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾನಿಲಯದವರು ಹಳೆಯ ಕಲ್ಲುಗೋಡೆಗಳ ಮೇಲೆ ಮಾಪಕಗಳನ್ನಿಟ್ಟು ಅಳೆದು ನೋಡಿದಾಗ, ಕಾಗದದ ಲೆಕ್ಕಗಳು ತೋರಿಸುತ್ತಿದ್ದುದಕ್ಕಿಂತ ಕಡಿಮೆ ಶಾಖವನ್ನೇ ಅವು ಸೋರಗೊಡುತ್ತಿದ್ದುವೆಂದು ಕಂಡುಬಂದಿತು. ಎರಡು ಅಡಿಯ ಕಲ್ಲುಗೋಡೆಯ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 1.1 ವ್ಯಾಟ್ ಸೋರುವುದೆಂದು ಹಿಡಿಯೋಣ. ಒಂದೇ ಪದರದ ಗಾಜಿನ ಕಿಟಕಿಯಲ್ಲಿ ಅದೇ ಪ್ರಮಾಣ ಸುಮಾರು 5.5 ವ್ಯಾಟ್. ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಇದ್ದಾಗ, ಹತ್ತು ಚದರ ಮೀಟರ್ ಗೋಡೆಯಿಂದ 165 ವ್ಯಾಟ್ ಹೋದರೆ, ಎರಡೂವರೆ ಚದರ ಮೀಟರಿನ ಕಿಟಕಿಯೊಂದರಿಂದಲೇ 206 ವ್ಯಾಟ್ ಹೋಗುವುದು! ಕಿಟಕಿಗೆ ಒಳಗಡೆ ಮರದ ಬಾಗಿಲುಗಳನ್ನು ರಾತ್ರಿ ಮುಚ್ಚಿದರೆ ಇದರಲ್ಲಿ ಅರ್ಧದಷ್ಟು ಉಳಿಯುವುದೆಂದೂ, ಹಳೆಯ ಕಿಟಕಿಯ ಒಳಗಡೆ ಎರಡನೆಯ ಗಾಜಿನ ಚೌಕಟ್ಟು ಕೂರಿಸಿದರೆ ನೂರಕ್ಕೆ ಅರವತ್ತಕ್ಕೂ ಹೆಚ್ಚು ಉಳಿಯುವುದೆಂದೂ ಅದೇ ವಿಶ್ವವಿದ್ಯಾನಿಲಯದ ಪರೀಕ್ಷೆಗಳು ತೋರಿಸಿವೆ. ಟೆನೆಮೆಂಟ್ ಕಟ್ಟಿದವರು ಇಂತಹ ಮರದ ಬಾಗಿಲುಗಳನ್ನು ಕಿಟಕಿಗಳ ಪಕ್ಕದಲ್ಲಿ ಮಡಿಸಿ ಇಟ್ಟೇ ಇದ್ದರು. ಎಷ್ಟೋ ಮನೆಗಳಲ್ಲಿ ಆಮೇಲೆ ಅವನ್ನು ಕಿತ್ತುಹಾಕಿದರು, ಇಲ್ಲವೆ ಬಣ್ಣ ಬಳಿದು ತೆರೆಯಲಾರದಂತೆ ಮಾಡಿದರು. ಮೇಲಿನ ಅಟ್ಟದಲ್ಲಿ ಒಂದು ಅಡಿಯ ಹತ್ತಿರದಷ್ಟು ದಪ್ಪಕ್ಕೆ ಉಣ್ಣೆಯಂತಹ ಹೊದಿಕೆ ಹಾಸುವುದೂ ಸುಲಭವಾದ ಕೆಲಸವೇ. ಆದರೆ ಅದರಿಂದ ಬೆಚ್ಚಗಾಗುವುದು ತುದಿಯ ಅಂತಸ್ತಿನ ಮನೆ ಮಾತ್ರ.

ನಿಜವಾದ ತೊಡಕು ಇರುವುದು ಗೋಡೆಯಲ್ಲಿ. ಹೊರಗಡೆಯಿಂದ ಹೊದಿಸಿದರೆ ಕಲ್ಲು ಬೆಚ್ಚಗಿದ್ದು ಒಣಗಿರುವುದು, ಆದರೆ ಕೆತ್ತನೆಯ ಕಲ್ಲಿನ ಮುಖ ಮುಚ್ಚಿಹೋಗುವುದು; ಬೀದಿಯ ಕಡೆ ಇದಕ್ಕೆ ಯಾರೂ ಒಪ್ಪರು. ಒಳಗಡೆಯಿಂದ ಹೊದಿಸಿದರೆ ಕೋಣೆ ಬೆಚ್ಚಗಾಗುವುದು, ಕಲ್ಲು ಮಾತ್ರ ಮೊದಲಿಗಿಂತ ತಣ್ಣಗಾಗುವುದು. ಹಿಂದೆ ಕೋಣೆಯಿಂದ ಸೋರುತ್ತಿದ್ದ ಶಾಖವೇ ಕಲ್ಲನ್ನು ಒಣಗಿಸುತ್ತಿತ್ತೆಂಬುದು ಆಗ ಅರಿವಾಗುವುದು. ನೆಲದ ಮರದ ತೊಲೆಗಳ ತುದಿಗಳು ಆ ಕಲ್ಲಿನೊಳಗೇ ಕೂತಿವೆ. ಕಲ್ಲು ಒದ್ದೆಯಾಗಿ ನಿಂತರೆ ತೊಲೆಯ ತುದಿ ಕೊಳೆಯತೊಡಗುವುದು. ಅದು ಹೊದಿಕೆಯ ಹಿಂದೆ ಇರುವುದರಿಂದ ನೆಲ ಕುಸಿಯುವವರೆಗೂ ಯಾರಿಗೂ ಕಾಣುವುದಿಲ್ಲ. ಆದುದರಿಂದ ತಿಳಿದವರು ಆವಿಯನ್ನು ತಡೆದು ನಿಲ್ಲಿಸುವ ಹಲಗೆಗಳಿಗಿಂತ, ಮರದ ನಾರು, ಸೆಣಬಿನ ನಾರುಗಳಂತಹ ಆವಿಯನ್ನು ಹೀರಿ ಬಿಡುವ ವಸ್ತುಗಳನ್ನು, ಅದೂ ಮಿತವಾದ ದಪ್ಪದಲ್ಲಿ, ಬಳಸಬೇಕೆನ್ನುವರು. ಅದಕ್ಕೂ ಮೊದಲು ಮಾಡಿನ ಸೀಳು, ಸೂರಿನ ನೀರು ಹಿಡಿಯುವ ದೋಣಿ, ಕೊಳವೆಗಳು ಸರಿಯಾಗಬೇಕು. ಮೆತ್ತಿದ ಸಿಮೆಂಟನ್ನು ಕೆರೆದು ಸುಣ್ಣ ತುಂಬಬೇಕು. ಒದ್ದೆಗೋಡೆಗೆ ಹೊದಿಕೆ ಹೊದಿಸುವುದೆಂದರೆ ನೆನೆದ ಬಟ್ಟೆಯ ಮೇಲೆ ರೇಷ್ಮೆಯ ಶಾಲು ಹೊದ್ದಂತೆ.

ಈ ಎಚ್ಚರಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಿದರ್ಶನವಿದೆ. ರಿಬಲ್ ನದಿಯ ದಡದ ಪ್ರೆಸ್ಟನ್ ನಗರದಲ್ಲಿ, ಫಿಷ್‌ವಿಕ್ ಎಂಬ ಬಡವರ ಬಡಾವಣೆಯ ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ 2013ರ ಸುಮಾರಿನಲ್ಲಿ ಸರಕಾರದ ಯೋಜನೆಯೊಂದರ ಅಡಿಯಲ್ಲಿ ಹೊರಗೋಡೆಯ ಹೊದಿಕೆ ಹಾಕಿದರು. ಅಂಚುಗಳನ್ನು ಸರಿಯಾಗಿ ಮುಚ್ಚದೆ ಹೋದುದರಿಂದ ಮಳೆ ಹೊದಿಕೆಯ ಹಿಂದೆ ಇಳಿಯಿತು. ಕೆಲವೇ ತಿಂಗಳುಗಳಲ್ಲಿ ಒಳಗೋಡೆಗಳ ಮೇಲೆ ಬೂಷ್ಟೂ ಅಣಬೆಗಳೂ ಎದ್ದುವು. ಬೆಚ್ಚಗಿಡಬೇಕೆಂದು ಹಾಕಿದುದನ್ನೇ ಕಿತ್ತುಹಾಕಬೇಕಾಯಿತು. ಇದರಿಂದ ಎಲ್ಲರೂ ಪಾಠ ಕಲಿತರೆಂದು ಹೇಳುವಂತಿಲ್ಲ: 2025ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು, ಇತ್ತೀಚಿನ ಸರಕಾರಿ ಯೋಜನೆಗಳಲ್ಲಿ ಹೊರಗೋಡೆಯ ಹೊದಿಕೆ ಪಡೆದ ಮನೆಗಳಲ್ಲಿ ನೂರಕ್ಕೆ 98ರಷ್ಟರಲ್ಲಿ ದುರಸ್ತಿಯಾಗಲೇಬೇಕಾದ ದೊಡ್ಡ ದೋಷಗಳಿವೆಯೆಂದು ವರದಿ ಮಾಡಿತು.

ಬೂಷ್ಟು ಗೋಡೆಯ ಅಂದಗೆಡಿಸುವ ಕಲೆಯಷ್ಟೇ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟನ್ನು ಬಹುಕಾಲ ಉಸಿರಾಡಿದುದೇ ಸಾವಿಗೆ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಮಗುವಿನ ತಂದೆಗೂ ಮೊದಲು ಹೇಳಿದ್ದು ಗೋಡೆಗೆ ಬಣ್ಣ ಬಳಿದುಕೊಳ್ಳಿ ಎಂದು. ಅದರ ಹೆಸರಿನಲ್ಲಿಯೇ ಒಂದು ಕಾನೂನು ಆಗಿ, 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾರ್ವಜನಿಕ ವಸತಿಗಳಿಗೆ ಅನ್ವಯವಾಗಿದೆ. ಅಪಾಯ ತೀವ್ರವಾಗಿದ್ದರೆ 24 ಗಂಟೆಗಳೊಳಗೆ ಮಾಲೀಕರು ಕ್ರಮ ಕೈಗೊಳ್ಳಬೇಕು. ಅಕ್ಕನಿಗೆ ಈ ಸಂಗತಿ ಮೊದಲೇ ಗೊತ್ತಿತ್ತು. ಅವರು ನಮಗೆ ಹೇಳಿರಲಿಲ್ಲ.

ಸರಿಯಾಗಿ ಮಾಡಿದ ಕೆಲಸವೂ ಉಂಟು. ಗ್ಲಾಸ್ಗೋದ ದಕ್ಷಿಣ ಭಾಗದಲ್ಲಿ, ನಿಡ್ರಿ ರಸ್ತೆಯ 107ನೆಯ ನಂಬರಿನ ಟೆನೆಮೆಂಟ್ ಎಂಟು ಚಿಕ್ಕ ಮನೆಗಳ ಕಟ್ಟಡ. ಅದನ್ನು ಸೌತ್‌ಸೈಡ್ ವಸತಿ ಸಂಘದವರು ಪೂರ್ತಿಯಾಗಿ ಖಾಲಿಮಾಡಿಸಿ, 2022ರ ವೇಳೆಗೆ ನವೀಕರಿಸಿದರು. ಬೀದಿಯ ಕಡೆಯ ಕಲ್ಲಿನ ಮುಖವನ್ನು ಮುಟ್ಟದೆ ಒಳಗಿನಿಂದ ಮರದ ನಾರಿನ ಹೊದಿಕೆ. ಹಿಂಬದಿಯ ಗೋಡೆಗೆ ಹೊರಗಿನಿಂದ ಹೊದಿಕೆ. ಮೂರು ಪದರದ ಗಾಜಿನ ಕಿಟಕಿಗಳು. ಹೊರಹೋಗುವ ಹಳೆಯ ಗಾಳಿಯ ಬಿಸಿಯನ್ನು ಒಳಬರುವ ಹೊಸ ಗಾಳಿಗೆ ದಾಟಿಸುವ ಯಂತ್ರ. ಈ ಕೊನೆಯದನ್ನು ನನ್ನ ತಾಯಿಗೆ ವಿವರಿಸಿದಾಗ ಅವರು ನಂಬಲಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಎಂದು ತೋರುವುದು: ಆರಿದ ಒಲೆ ಮಾಡುತ್ತಿದ್ದ ಕೆಲಸವನ್ನು ಯಾವುದಾದರೊಂದು ಮಾಡಲೇಬೇಕಷ್ಟೆ.

ಆದರೆ ಆ ಕಟ್ಟಡಕ್ಕೆ ಒಬ್ಬರೇ ಒಡೆಯರು, ಒಳಗೆ ಯಾರೂ ವಾಸವಿರಲಿಲ್ಲ. ಸಾಮಾನ್ಯವಾಗಿ ಎಂಟು ಮನೆಗೆ ಎಂಟು ಒಡೆಯರು; ಒಬ್ಬರು ಅಲ್ಲಿಯೇ ಇರುವ ವೃದ್ಧೆ, ಒಬ್ಬರು ಬಾಡಿಗೆ ಎಣಿಸುವವರು, ಇನ್ನೊಬ್ಬರು ಯಾವ ದೇಶದಲ್ಲಿರುವರೋ ತಿಳಿಯದು. ಮಾಡು ಸೋರಿದರೆ ನೆನೆಯುವುದು ಮೇಲಿನವರು, ಖರ್ಚು ಮಾತ್ರ ಎಲ್ಲರಿಗೂ. 2004ರ ಟೆನೆಮೆಂಟ್ ಕಾಯಿದೆಯ ಪ್ರಕಾರ, ಕ್ರಯಪತ್ರಗಳಲ್ಲಿ ಬೇರೆ ನಿಯಮವಿಲ್ಲದಿದ್ದರೆ, ಸಾಮಾನ್ಯ ದುರಸ್ತಿಯನ್ನು ಒಡೆಯರ ಬಹುಮತದಿಂದ ತೀರ್ಮಾನಿಸಬಹುದು. ಒಪ್ಪದವರೂ ಪಾಲು ಕೊಡಬೇಕು. 2009ರಲ್ಲಿ ಶಾಖರೋಧಕ ಹೊದಿಕೆಯನ್ನೂ ಈ ದುರಸ್ತಿಯ ಅರ್ಥದಲ್ಲಿ ಸೇರಿಸಿದರು. ಕಾನೂನಿದೆ, ಬಾಗಿಲು ಬಾಗಿಲಿಗೆ ಹೋಗಿ ಕೇಳುವವರು ಬೇಕು.

ಅಕ್ಕ ಕಳುಹಿಸಿದ ಹೊರಗಿನ ಫೋಟೋವನ್ನು ನನ್ನ ತಂದೆ ಬೆಳಕಿಗೆ ಹಿಡಿದು ನೋಡಿದರು. ಮೂರನೆಯ ಅಂತಸ್ತಿನ ಮೇಲೆ, ಸೂರಿನ ದೋಣಿಯೊಳಗೆ ಸಣ್ಣ ಗಿಡವೊಂದು ಬೆಳೆದಿತ್ತು. ಅದರ ಕೆಳಗೆ ಕಲ್ಲಿನ ಬಣ್ಣ ಕಡುಹಸುರಾಗಿ ಮಗುವಿನ ಕೋಣೆಯ ಮೂಲೆಯವರೆಗೂ ಇಳಿದಿತ್ತು. “ಅವಳ ಬಟ್ಟೆಯಿಂದಲ್ಲ ಇದು. ದೋಣಿ ಕಟ್ಟಿದೆ, ಮಾಡಿನ ನೀರೆಲ್ಲ ಗೋಡೆಗೇ ಇಳೀತಿದೆ” ಎಂದರು. ಅಕ್ಕ ಅದೇ ಫೋಟೋದಲ್ಲಿ ಗಿಡದ ಸುತ್ತ ಕೆಂಪು ಗೆರೆ ಹಾಕಿ ಯಜಮಾನರಿಗೂ ಉಳಿದ ಏಳು ಮನೆಗಳವರಿಗೂ ಕಳುಹಿಸಿದರು. ಎಂಟು ಒಡೆಯರಲ್ಲಿ ಐವರು ದುರಸ್ತಿಗೆ ಒಪ್ಪಿದ್ದಾರೆ. ಮೊದಲು ದೋಣಿ, ಆಮೇಲೆ ಸುಣ್ಣ, ಗೋಡೆ ಒಂದು ಬೇಸಗೆ ಒಣಗಿದ ಮೇಲೆ ಹೊದಿಕೆಯ ಮಾತು ಎಂದು ಅಲ್ಲಿಯ ಕೆಲಸಗಾರರು ಹೇಳಿದರಂತೆ. ಅದನ್ನು ಕೇಳಿ ನನ್ನ ತಂದೆ, “ಗೊತ್ತಿರೋರೇ ಸಿಕ್ಕಿದ್ದಾರೆ” ಎಂದರು. ಸದ್ಯಕ್ಕೆ ಅಕ್ಕ ಮಗುವಿನ ಮಂಚವನ್ನು ಆ ಗೋಡೆಯಿಂದ ಸರಿಸಿ, ಕೋಣೆಯ ನಡುವಿಗೆ ಹಾಕಿಕೊಂಡಿದ್ದಾರೆ.